ತಮಟೆ ಕಾಯಿಸಿದ ಕಾಗದಗಳು

ಸೀರಿಯಲ್ ನೋಡುವವರಿಗೆ ನನ್ನ ಮುಖ ಗೊತ್ತಿಲ್ಲ, ಸದ್ದು ಗೊತ್ತು. ಸೊಸೆ ಬಾಗಿಲು ತೆಗೆದಾಗ, ಅತ್ತೆ ಗಕ್ಕನೆ ತಿರುಗಿದಾಗ ಧಡ್ ಎನ್ನುತ್ತದಲ್ಲ, ಅದು ನನ್ನ ಕಸುಬು. ಬೆಳಿಗ್ಗೆ ಕಾದಂಬರಿ ಬರೆಯುತ್ತೇನೆ, ತಿಂಡಿಯಾದ ಮೇಲೆ ಅತ್ತೆ ಸೊಸೆಯರನ್ನು ಬೆಚ್ಚಿಬೀಳಿಸುತ್ತೇನೆ. ಎರಡೂ ನಡೆಯುವುದು ಮಾಲೂರಿನ ನಮ್ಮ ಮನೆಯ ಮಹಡಿ ಮೇಲಿನ ಒಂದೇ ಕೋಣೆಯಲ್ಲಿ. ಎರಡರ ಬಗ್ಗೆಯೂ ನನಗೆ ಹೆಮ್ಮೆಯಿದೆ, ಸುಳ್ಳೇಕೆ ಹೇಳಲಿ.

ಕಳೆದ ವರ್ಷ ಒಂದು ಸಿನಿಮಾ ಸಿಕ್ಕಿತು. ಕೊನೆಯ ದೃಶ್ಯಕ್ಕೆ ನಿಜವಾದ ತಮಟೆಯೇ ಬೇಕೆಂದು ಹಠ ಹಿಡಿದೆ. "ಕಂಪ್ಯೂಟರಲ್ಲೇ ರೆಡಿಮೇಡ್ ಸದ್ದು ಸಿಗುತ್ತಲ್ಲ ಸಾರ್, ಯಾಕೆ ತಲೆನೋವು?" ಎಂದರು ನಿರ್ದೇಶಕರು. ತಲೆನೋವು ನನಗೇ ಇರಲಿ ಎಂದೆ. ನನಗೆ ತಾಳ ಅಂದರೇನೆಂದು ತೋರಿಸಿಕೊಟ್ಟವನು ಕುರುಡುಮಲೆ ಪಕ್ಕದ ಊರಿನ ನನ್ನ ಸೋದರಮಾವ. ಹಿಪ್ಪುನೇರಳೆ ಬೆಳೆಯುವ ಮನುಷ್ಯ. ತಮಟೆ ಹಿಡಿದನೆಂದರೆ ಮುಳಬಾಗಿಲಿನ ಜನ ನಿಂತು ಕೇಳುತ್ತಾರೆ. ಆ ಕೈಯ ಪೆಟ್ಟು ಒಮ್ಮೆಯಾದರೂ ಥಿಯೇಟರಿನಲ್ಲಿ ಕೇಳಿಸಬೇಕು, ಅವನೇ ಕೂತು ಕೇಳಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ರೆಕಾರ್ಡಿಂಗ್ ದಿನ ಮಾಮ ಮೊದಲ ಬಸ್ಸಿಗೇ ಬಂದ. ನಿರ್ದೇಶಕರು ಬೆಂಗಳೂರಿನಿಂದ ಫೋನಿನಲ್ಲಿ ಕೇಳುತ್ತಿದ್ದರು. ಮಾಮ ನಾಲ್ಕು ಪೆಟ್ಟು ಹಾಕಿ ನಿಲ್ಲಿಸಿಬಿಟ್ಟ.

"ಲೇ, ಈ ಏಸಿಗೆ ಚರ್ಮ ಸತ್ತೋಯ್ತು ಕಣೋ. ಕಾಯಿಸ್ದೆ ಇದ್ರೆ ನುಡಿಯಲ್ಲ."

ಬೆಂಕಿ ಕಾಣದ ತಮಟೆ ಖಾಲಿ ಡಬ್ಬದ ಹಾಗೆ ಎನ್ನುವುದು ಚಿಕ್ಕಂದಿನಿಂದ ಗೊತ್ತಿದ್ದೂ ಮರೆತಿದ್ದೆ. "ಅರ್ಧ ಗಂಟೆ ನೋಡೋಣ," ಎಂದಿತು ಫೋನು. "ಆಗ್ಲಿಲ್ಲ ಅಂದ್ರೆ ರೆಡಿಮೇಡ್ ಹಾಕಿ ಮುಗಿಸಿ ಸಾರ್."

ಪಕ್ಕದ ಮನೆಯಿಂದ ತಂದ ಹುಲ್ಲು ಮಳೆಗೆ ನೆಂದಿತ್ತು, ಬರೀ ಹೊಗೆ. ಮೆಟ್ಟಿಲ ಹತ್ತಿರ ರದ್ದಿ ಕಾಗದ ಇದೆ, ತಗೋ ಎಂದು ಮಾಮನಿಗೆ ಹೇಳಿ ನಾನು ಮೈಕ್ ಸರಿಮಾಡಲು ಒಳಗೆ ಹೋದೆ. ಹತ್ತು ನಿಮಿಷದಲ್ಲಿ ಬಂದ ಮಾಮ ಕೋಲು ಆಡಿಸಿದ್ದೇ ತಡ, ಕಿಟಕಿ ಗಾಜು ಅದುರಿತು. ನನ್ನ ಮೈ ಜುಂ ಎಂದಿತು. ಫೋನು ಕೂಗಿಕೊಂಡಿತು.

"ಸಾರ್, ಇದೇ ಬೇಕು. ಇನ್ನೊಂದ್ಸಲ, ಎಲ್ಲೂ ನಿಲ್ಲಿಸ್ದೆ ಮೂರು ನಿಮಿಷ."

"ಬಾಗುಂದಾ?" ಎಂದ ಮಾಮ, ಚೆನ್ನಾಗಿದೆಯಾ ಎಂದು. ಖುಷಿಯಾದರೆ ಅವನ ಬಾಯಲ್ಲಿ ತೆಲುಗೇ ಬರುವುದು.

ಮತ್ತೆ ಕಾಯಿಸಲು ಇಬ್ಬರೂ ಹೊರಗೆ ಬಂದೆವು. ಬೂದಿಯ ಪಕ್ಕದಲ್ಲಿ ಅರೆಸುಟ್ಟ ಒಂದು ಹಾಳೆ, ಅದರಾಚೆ ಇನ್ನೂ ಬೆಂಕಿ ಕಾಣದ ಅರ್ಧ ಕಟ್ಟು. ಎಲ್ಲದರ ಮೇಲೂ ನನ್ನ ಕೆಂಪು ಶಾಯಿ. ಮೂರು ತಿಂಗಳು ಕೂತು ತಿದ್ದಿದ್ದ ಕಾದಂಬರಿ! ಬೆಳಿಗ್ಗೆ ಮೈಕಿಗೆ ಜಾಗ ಮಾಡುವಾಗ ನಾನೇ ಅದನ್ನು ರದ್ದಿಯ ಪಕ್ಕ ಇಟ್ಟು ಮರೆತಿದ್ದೆ. ಕಂಪ್ಯೂಟರಿನಲ್ಲಿ ಇದ್ದದ್ದು ಹಳೆಯ ಪ್ರತಿ, ತಿದ್ದಿದ್ದೆಲ್ಲ ಈ ಹಾಳೆಗಳಲ್ಲಿ ಮಾತ್ರ.

"ಮಾಮಾ, ಇದನ್ಯಾಕೆ ಸುಟ್ಟೆ?"

"ಎಲ್ಲಾ ಕಡೆ ಕೆಂಪಗೆ ಹೊಡ್ದಾಕಿತ್ತಲ್ಲೋ. ತಪ್ಪು ಬರ್ದಿದ್ದು, ಬಿಸಾಕಿದ್ದೀಯ ಅಂದ್ಕೊಂಡೆ."

ಸಿಟ್ಟು ನೆತ್ತಿಗೇರಿತು. ನನ್ನ ಮುಖ ನೋಡಿಯೇ ಅವನಿಗೆ ಅರ್ಥವಾಗಿಬಿಟ್ಟಿತು. ತಮಟೆಯನ್ನು ಗೋಡೆಗೆ ಒರಗಿಸಿ ಟವೆಲ್ ಹೆಗಲಿಗೆ ಹಾಕಿಕೊಂಡ. "ಬೇಕಾಗಿತ್ತೇನ್ಲಾ? ಎಂಥ ಕೆಲಸ ಮಾಡ್ಬಿಟ್ಟೆ. ಆ ರೆಡಿಮೇಡೇ ಹಾಕ್ಕೊಳೋ, ನಾನು ಊರಿಗೆ ಹೋಗ್ತೀನಿ."

ಒಳಗೆ ಫೋನು ಸಾರ್, ಸಾರ್ ಎನ್ನುತ್ತಿತ್ತು. ಸುಡಲು ಬೇರೆ ಕಾಗದ ಉಳಿದಿರಲಿಲ್ಲ. ಉಳಿದ ಹಾಳೆಗಳನ್ನು ನಾನೇ ಉಂಡೆ ಮಾಡಿ ಬೆಂಕಿಗೆ ಹಾಕಿದೆ. "ಸರಿಯಾಗಿ ಕಾಯ್ಸು ಮಾಮಾ," ಎಂದೆ.

ಆ ಮೂರು ನಿಮಿಷವನ್ನು ನಾವಿಬ್ಬರೂ ಕೋಲಾರದ ಥಿಯೇಟರಿನಲ್ಲಿ ಅಕ್ಕಪಕ್ಕ ಕೂತು ಕೇಳಿದೆವು. ಸೀಟಿ ಹೊಡೆತ ಮುಗಿಲು ಮುಟ್ಟಿತು. ಮಾಮ ಮುಂದಿನ ಸಾಲಿನವನ ಭುಜ ತಟ್ಟಿ, "ನಮ್ಮ ಅಳಿಯ ಮಾಡಿದ್ದು ಇದು, ಕಾದಂಬರೀನೂ ಬರೀತಾನೆ," ಎಂದ. ಅದರಲ್ಲಿ ಬಾರಿಸಿದ ಕೈ ತನ್ನದೆಂದು ಅವನು ಹೇಳಲೇ ಇಲ್ಲ. ನಾನೇ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಬೇಕಾಯಿತು.