ಅವ್ವನ ಸೋದರಮಾವನ ಮನೆ

ಬಸ್ಸು ಓಡಿಸಿ ನಿವೃತ್ತನಾದವನು ಮನೆಯಲ್ಲಿ ತೆಪ್ಪಗೆ ಕೂರಬೇಕು ತಾನೆ? ನಾನು ಹಳೆಯ ಟೆಂಪೋ ಟ್ರಾವೆಲರ್ ಕೊಂಡುಕೊಂಡೆ. ಸೀಟು ಕಿತ್ತು ಮಂಚ ಹಾಕಿಸಿದೆ. ಒಂದು ಗ್ಯಾಸ್ ಒಲೆ, ನೀರಿನ ಡ್ರಮ್ಮು, ಪರದೆಯ ಹಿಂದೆ ಅವ್ವನಿಗೆ ಕಮೋಡ್ ಕುರ್ಚಿ. ಎಂಬತ್ತು ದಾಟಿದ ಅವ್ವನ ಮಂಡಿಗೆ ಮೆಟ್ಟಿಲು ಆಗದು, ಅವ್ವನಿಗೆ ಇನ್ನೊಬ್ಬರ ಮನೆಯ ಬಚ್ಚಲು ಆಗದು. ನೆಂಟರು ನಕ್ಕರು. ನಗುವವರ ಗಂಟೇನು ಹೋಗುತ್ತದೆ?

ಅವ್ವನಿಗೆ ಇದ್ದದ್ದು ಒಂದೇ ಆಸೆ, ತನ್ನ ಸೋದರಮಾವನ ಮನೆ ನೋಡುವುದು. ಅವಳ ತಾಯಿಯನ್ನು ಚೊಚ್ಚಲ ಬಾಣಂತನಕ್ಕೆ ತವರಿನವರು ಕರೆದೊಯ್ಯುವ ಮುಂಚೆಯೇ, ತಿಂಗಳು ತುಂಬದೆ, ಗಂಡನ ಊರಾದ ಪಾಲಹಳ್ಳಿಯಲ್ಲೇ ಹೆರಿಗೆಯಾಯಿತು. ಎರಡು ದಿನಕ್ಕೆ ಬಾಣಂತಿ ತೀರಿಕೊಂಡಳು. ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ತವರಿನವರು ಸೀರೆ ತಂದು ಹೊದಿಸುವ ತನಕ ಮಣ್ಣು ಮಾಡುವಂತಿಲ್ಲ. ಪಾಲಹಳ್ಳಿಯವರು ಕಾಯಲಿಲ್ಲ. ಸೀರೆ ಹಿಡಿದು ನಡೆದು ಬಂದ ಅವಳ ಅಣ್ಣನಿಗೆ, ಅಂದರೆ ಅವ್ವನ ಸೋದರಮಾವನಿಗೆ, ಊರಬಾಗಿಲಲ್ಲೇ ಸುದ್ದಿ ತಿಳಿಯಿತು. ಹಸಿಮಣ್ಣಿನ ಮೇಲೆ ಸೀರೆ ಹಾಸಿ, ಮನೆಗೆ ಕಾಲಿಡದೆ ಹಾಗೇ ಹಿಂದಿರುಗಿದನಂತೆ. ಆಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ, ಈ ಕಡೆ ಯಾರೂ ಅವರ ಮಾತೆತ್ತಲಿಲ್ಲ. ಆ ಊರಿನ ಹೆಸರೂ ಅವ್ವನಿಗೆ ಗೊತ್ತಾಗಲಿಲ್ಲ. ಅವ್ವನ ಮದುವೆಯಲ್ಲಿ ಸೋದರಮಾವನ ಜಾಗಕ್ಕೆ ಯಾರನ್ನೋ ನಿಲ್ಲಿಸಿ ಶಾಸ್ತ್ರ ಮುಗಿಸಿದ್ದರು.

"ಸಿಟ್ಟು ದೊಡ್ಡೋರ ಮ್ಯಾಲೆ ಇರ್ಲಿ ಕಣ್ಲಾ. ಕೂಸು ನಾನೇನ್ ಮಾಡಿದ್ದೆ? ಒಂದ್ಸಲ ಬಂದು ನೋಡ್ಬಾರ್ದಾಗಿತ್ತಾ?" ಎಂದು ಅವ್ವ ಕೇಳುತ್ತಿದ್ದಳು. ನಾನು ಅವಳ ಮೇಲೇ ರೇಗುತ್ತಿದ್ದೆ.

ಶ್ರೀರಂಗಪಟ್ಟಣದಿಂದ ಹೊರಟು ಮೊದಲು ಪಾಂಡವಪುರಕ್ಕೆ ಹೋದೆವು. ಅಲ್ಲಿ ಅವ್ವನ ದೊಡ್ಡಪ್ಪನ ಮಗಳು ಇದ್ದಳು, ಅವ್ವನಿಗಿಂತ ಹಿರಿಯಳು, ಹಲ್ಲು ಹೋದರೂ ನೆನಪು ಹೋಗಿರಲಿಲ್ಲ.

"ನಿಮ್ಮವ್ವ ಒಣಸೀಮೆಯೋಳು ಕಣೆ. ನಾಲೆ ಕಂಡ್ರೆ ಎದ್ರೋಳು. ಬಟ್ಟೆ ಒಗೆಯಾಕೆ ಓಗುವಾಗ ನನ್ ಕೈ ಇಡ್ಕೊಳೋಳು, ನಾನಿನ್ನೂ ಇಷ್ಟುದ್ದ" ಎಂದು ಕೈಯಲ್ಲಿ ತೋರಿಸಿದಳು. ಅವ್ವ ಆ ಮುದುಕಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕೂತುಬಿಟ್ಟಳು. ಊರಿನ ಹೆಸರು ಅವಳಿಗೂ ಗೊತ್ತಿರಲಿಲ್ಲ. ಆ ತವರಿನವರ ಮನೆದೇವರು ಹೊಸಹೊಳಲಿನ ಆಚೆ ಇರುವ ಒಬ್ಬ ಅಮ್ಮ ಎಂದಷ್ಟೇ ನೆನಪಿತ್ತು.

ನಮಗೆ ಅಷ್ಟು ಸಾಕು. ಊರು ಬಿಟ್ಟರೂ ಒಕ್ಕಲು ಮನೆದೇವರನ್ನು ಬಿಡುವುದಿಲ್ಲ. ಕೆ.ಆರ್. ಪೇಟೆ ದಾಟಿ ಅಮ್ಮನ ಗುಡಿಯ ಮುಂದೆ ಗಾಡಿ ನಿಲ್ಲಿಸಿದರೆ, ಪರದೆ ನೋಡಿ ಇಬ್ಬರು "ಕಣ್ಣಾಸ್ಪತ್ರೆ ಗಾಡಿಯಾ ಸಾ?" ಎಂದು ಬಂದು ಸಾಲಾಗಿ ನಿಂತರು. ನಾನು ಉರಿದುಬಿದ್ದೆ. ಅವ್ವ ಅವರಿಗೆ ಟೀ ಕಾಸಿಕೊಡಲು ಹೇಳಿದಳು. ಪೂಜಾರಪ್ಪ ಒಕ್ಕಲಿನ ಊರುಗಳನ್ನು ಬೆರಳು ಮಡಿಸಿ ಎಣಿಸಿದ. ಅದರಲ್ಲಿ ಒಣಸೀಮೆಯೆಂದರೆ ನಾಗಮಂಗಲದ ಕಡೆ, ಅಲ್ಲಿ ಇದ್ದದ್ದು ಒಂದೇ ಊರು, ಒಂದೇ ಮನೆತನ.

ಮರುದಿನ ಬೆಳಿಗ್ಗೆ ಅವ್ವ ಟೆಂಪೋದಲ್ಲೇ ತಲೆ ಬಾಚಿಸಿಕೊಂಡು ರೇಷ್ಮೆ ಸೀರೆ ಉಟ್ಟಳು. ರಾಗಿ ಹೊಲ, ತೆಂಗಿನ ತೋಟ ದಾಟಿ ಆ ಊರು ಕಂಡಿದ್ದೇ ತಡ, "ವಾಪಸ್ ತಿರುಗ್ಸ್ಲಾ. ಬ್ಯಾಡ ಅಂದೋರ ಮನೆಗೆ ಏನಂತ ಓಗಾದು?" ಎಂದಳು. ಮೂರು ತಾಲ್ಲೂಕು ಸುತ್ತಿಸಿ ಈಗ ಹೀಗಂದರೆ? ಬಾಯಿಗೆ ಬಂದಂತೆ ಬೈದೆ. ಬೈದು ತಿರುಗಿ ನೋಡಿದರೆ, ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. "ನಾ ಮೊದ್ಲು ಓಗಿ ಕೇಳ್ಕೊಂಡ್ ಬತ್ತೀನವ್ವ" ಎಂದು ಇಳಿದೆ.

ಜಗಲಿಯಲ್ಲಿ ಒಬ್ಬಾಕೆ ಹುರುಳಿ ಕೇರುತ್ತಿದ್ದಳು, ಸೋದರಮಾವನ ಮೊಮ್ಮಗನ ಹೆಂಡತಿ. ನಾನು ಹೇಳಿದ್ದನ್ನೆಲ್ಲ ಕೇಳಿ ಮೊರ ಕೆಳಗಿಟ್ಟಳು.

"ಪಾಲಳ್ಳಿಗೆ ಕೊಟ್ಟಿದ್ದೋರಾ? ಅವ್ರೂ ಕೂಸೂ ಇಬ್ರೂ ಓಗ್ಬುಟ್ರಂತಲ್ಲ!"

"ಯಾರ್ ಏಳಿದ್ದು?"

"ತಾತಂಗೆ ಊರಬಾಗ್ಲಲ್ಲೇ ಯಾರೋ ಅಂದ್ರಂತೆ, ದಿನ ತುಂಬದ ಕೂಸು ಉಳೀನಿಲ್ಲ ಅಂತ."

ಮನೆಗೆ ಕಾಲಿಟ್ಟಿದ್ದರೆ ಕೂಸಿನ ಅಳು ಕೇಳುತ್ತಿತ್ತು. ಸಿಟ್ಟಿನಲ್ಲಿ ಕಾಲಿಡಲಿಲ್ಲ.

ಆಕೆ ಟೆಂಪೋ ಬಾಗಿಲಿಗೆ ಬಂದು ಅವ್ವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು. ಮದುವೆಯಾಗಿ ಹೋದ ಮಗಳಿಗೆ ತವರಲ್ಲಿ ಎಡೆ ಇಡುವ ಪದ್ಧತಿ ನಮ್ಮವರಲ್ಲಿಲ್ಲ. ಆದರೂ ಆ ತಾತ ಪ್ರತಿ ಮಹಾಲಯ ಅಮಾವಾಸ್ಯೆಗೆ, ಹಿರಿಯರ ಎಡೆಗಳ ಸಾಲಿನಲ್ಲಿ ತಂಗಿಗೊಂದು ಎಡೆ, ಅದರ ಮಗ್ಗುಲಲ್ಲಿ ಕೂಸಿಗೊಂದು ಸಣ್ಣ ಎಡೆ ಇಡಿಸುತ್ತಿದ್ದ. ಕೂಸಿನ ಎಡೆಗೆ ಹಾಲನ್ನ, ಒಂದು ಪುಟ್ಟ ಅಂಗಿ. ಅವನು ಕಾಲವಾದ ಮೇಲೆ ಸೊಸೆ ಇಟ್ಟಳು, ಈಗ ಈಕೆ ಇಡುತ್ತಿದ್ದಾಳೆ.

"ಸಾಯೋವಾಗ್ಲೂ ಅದೇ ಮಾತು ಅಜ್ಜಿ. ಕೂಸಿನ್ ಎಡೆ ತಪ್ಪಿಸ್ಬ್ಯಾಡಿ, ನಾನು ಅದರ ಮಕ ನೋಡ್ನಿಲ್ಲ ಅಂತಿದ್ರಂತೆ."

ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವಯಸ್ಸಾದವಳು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ನಾನೂ ಅತ್ತೆ, ಅದರಲ್ಲೇನು ನಾಚಿಕೆ.

ಆ ಮನೆಯ ಕುರ್ಚಿ ತಂದು, ಅದರ ಸಮೇತ ಅವ್ವನನ್ನು ಎತ್ತಿಕೊಂಡು ಒಳಗೆ ಕೂರಿಸಿದೆವು. ಆಕೆ ಎಲೆ ಹಾಕಿ ಮುದ್ದೆ, ಹುರುಳಿ ಸಾರು ಬಡಿಸಿದಳು. ಬೇಡ ಬೇಡ ಎನ್ನುತ್ತಲೇ ಅವ್ವ ಎರಡನೇ ಮುದ್ದೆಗೂ ಕೈ ಹಾಕಿದಳು. ಮಡಿಲು ತುಂಬಿಸಿಕೊಂಡು ಏಳುವಾಗ ಆಕೆಯ ಗಲ್ಲ ಹಿಡಿದು ಹೇಳಿದಳು:

"ಈ ಸಲ ನಮ್ಮವ್ವನ್ ಎಡೆ ಇಕ್ಕವ್ವ. ನಂದು ನಾನೇ ಬಂದು ಉಣ್ತೀನಿ."