ಗೋಡೆಯ ಮೇಲಿನ ಹೆಪ್ಪು

ಆ ದಿನ ನಾನು ಮಾಡಿದ ಕೆಲಸಗಳನ್ನು ಮೊದಲು ಬರೆದುಬಿಡುತ್ತೇನೆ. ಬೆಳಿಗ್ಗೆ ಐದೂವರೆಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ನಳ ಬಂದಿತ್ತು, ಎರಡು ಡ್ರಮ್ಮು, ಮೂರು ಕೊಡ ತುಂಬಿಸಿಕೊಂಡೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಒಣಮೆಣಸಿನಕಾಯಿ ಬಿಸಿಲಿಗೆ ಹರವಿದೆ. ನಮ್ಮ ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಹನ್ನೊಂದರ ಹೊತ್ತಿಗೆ ಅರಸೀಕೆರೆಯಿಂದ ನಾದಿನಿಯೂ ಅವಳ ಗಂಡನೂ ಬಂದರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾರು ಮಾಡಿ ಬಡಿಸಿದೆ. ಅವರನ್ನು ನಾಲ್ಕು ಗಂಟೆಯ ಬಸ್ಸಿಗೆ ಹತ್ತಿಸಿ ಬಂದು ಪಾತ್ರೆ ತೊಳೆದೆ. ವಿಚಿತ್ರವಾದದ್ದು ಏನಾದರೂ ನಡೆಯಲು ಅಂಥ ದಿನದಲ್ಲಿ ಜಾಗವೇ ಇರಲಿಲ್ಲ.

ದೆವ್ವ, ಗಾಳಿ, ಸತ್ತವರು ಕಾಣಿಸಿಕೊಳ್ಳುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಓಣಿಯಲ್ಲಿ ಒಬ್ಬಾಕೆ ತೀರಿಹೋದ ಅತ್ತೆಯನ್ನು ಬಾವಿ ಹತ್ತಿರ ಕಂಡೆ ಎಂದು ಅಳುತ್ತಿದ್ದಾಗ, ‘ರಾತ್ರಿ ಮಿರ್ಚಿ ಜಾಸ್ತಿ ತಿಂದೀದಿ’ ಎಂದು ಹೇಳಿ ಎದ್ದು ಬಂದವಳು ನಾನು. ಆ ಮಾತು ಆಡಬಾರದಿತ್ತು ಎಂದು ಈಗ ಅನಿಸುತ್ತದೆ. ಹಾಗೆಂದು ಈಗ ನಂಬಿಬಿಟ್ಟಿದ್ದೇನೆ ಎಂದೂ ಅಲ್ಲ.

ನಾನು ಕೊಟ್ಟೂರಿಗೆ ಸೊಸೆಯಾಗಿ ಬಂದಾಗ ನನಗೆ ಇಬ್ಬರು ಗೆಳತಿಯರು ಸಿಕ್ಕರು. ಒಬ್ಬಳು ಗುರುಬಸಮ್ಮ. ಹಿರೇಹಡಗಲಿಯವಳು, ನಮ್ಮಿಂದ ನಾಲ್ಕನೇ ಮನೆ. ಮದುವೆಯಲ್ಲಿ ತವರಿನಿಂದ ಅವಳ ಜೊತೆ ಒಂದು ಎಮ್ಮೆಯೂ ಬಂದಿತ್ತು. ಇನ್ನೊಬ್ಬಳು ಕೊಟ್ರಮ್ಮ, ಪಕ್ಕದ ಮನೆಯವಳು. ಅವಳ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದೇ ಗೋಡೆ. ಮಧ್ಯಾಹ್ನ ಗಂಡಸರೆಲ್ಲ ಹೊರಟ ಮೇಲೆ ಮೂವರೂ ಗುರುಬಸಮ್ಮನ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಮಂಡಕ್ಕಿ ಒಗ್ಗರಣೆ, ಎರಡೆರಡು ಸಲ ಚಹಾ, ಕೈಯಲ್ಲಿ ಯಾರದಾದರೂ ಮನೆಯ ಕಾಳು. ಕಾಳು ಹಸನಾಗುವುದರೊಳಗೆ ಊರೂ ಹಸನಾಗುತ್ತಿತ್ತು. ಗುರುಬಸಮ್ಮ ನಗಲು ಶುರು ಮಾಡಿದರೆ ಮೊರದೊಳಗಿನ ಕಾಳು ಚೆಲ್ಲುತ್ತಿತ್ತು, ಮತ್ತೆ ಆರಿಸಬೇಕಾಗುತ್ತಿತ್ತು. ನಾನು ಕಂಡ ಸುಖ ಎಂದರೆ ಹೆಚ್ಚಾಗಿ ಇದೇ. ಬೇರೆ ಏನಾದರೂ ಇತ್ತೇನೋ, ನೆನಪಿಲ್ಲ.

ಗುರುಬಸಮ್ಮನ ಮನೆಯ ಮೊಸರು ಚಮಚದಿಂದ ಕತ್ತರಿಸಿದರೆ ಕತ್ತರಿಸಿದ ಹಾಗೇ ನಿಲ್ಲುತ್ತಿತ್ತು. ಮೂರನೇ ದಿನಕ್ಕೂ ಹುಳಿ ಏರುತ್ತಿರಲಿಲ್ಲ. ಅದರ ಹೆಪ್ಪು ನಮ್ಮಿಬ್ಬರ ಮನೆಗೂ ಬಂತು. ಮೂರು ಮನೆಯಲ್ಲಿ ಒಬ್ಬರದು ಕೆಟ್ಟರೆ ಇನ್ನೊಬ್ಬರ ಮನೆಯಿಂದ ತರುವುದು, ಹೀಗೆ ವರ್ಷಗಟ್ಟಲೆ ನಡೆಯಿತು. ಕೊಡುವುದು ತರುವುದು ಎಲ್ಲ ದೀಪ ಹಚ್ಚುವುದರೊಳಗೆ ಮುಗಿಯಬೇಕು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊಸಿಲು ದಾಟಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಈ ವಿಷಯದಲ್ಲಿ ಕೊಟ್ರಮ್ಮ ಬಹಳ ಕಟ್ಟುನಿಟ್ಟು. ಹೊತ್ತು ಮುಳುಗುವ ಮೊದಲೇ ಗೋಡೆಯ ಮೇಲೆ ಬಟ್ಟಲಿಟ್ಟು, ಚಮಚದಿಂದ ಎರಡು ಸಲ ಟಕ್ ಟಕ್ ಎಂದು ಕಲ್ಲಿಗೆ ಬಡಿಯುತ್ತಿದ್ದಳು. “ಲೇ ಹುಚ್ಚಿ, ತಗೋ ಲಗೂನ. ದೀಪ ಹಚ್ಚಿದಮ್ಯಾಗ ಬಂದು ಬಾಯಿ ಬಾಯಿ ಬಡ್ಕೊಂಡ್ರೂ ಕೊಡಂಗಿಲ್ಲ ನೋಡು.” ದೃಷ್ಟಿ ತಾಗದಿರಲಿ ಎಂದು ಮೊಸರಿನ ಮೇಲೆ ಒಂದು ಒಣಮೆಣಸಿನಕಾಯಿ ಇಡುವಳು, ಅದೂ ತೊಟ್ಟು ಮುರಿದು. ತೊಟ್ಟಿದ್ದರೆ ಮೊಸರು ಹುಳಿಯಾಗುತ್ತದೆ ಎಂದು ಅವಳ ವಾದ. ಬೇರೆ ಯಾರೂ ತೊಟ್ಟು ಮುರಿಯುವುದನ್ನು ನಾನು ನೋಡಿಲ್ಲ.

ಮೊದಲು ಗುರುಬಸಮ್ಮ ಹೋದಳು. ಮೂತ್ರಪಿಂಡದ ಕಾಯಿಲೆ, ಆರು ತಿಂಗಳು ದಾವಣಗೆರೆಗೆ ತಿರುಗಿದರು. ಎಮ್ಮೆಯನ್ನು ಮಾರಿದರು. ಕಟ್ಟೆಯ ಮೇಲೆ ನಾವಿಬ್ಬರೇ ಕೂತರೆ ಮಾತು ಬೇಗ ಮುಗಿಯುತ್ತಿತ್ತು. ಆಮೇಲೆ ಕೂಡುವುದನ್ನೇ ಬಿಟ್ಟು ಗೋಡೆಯ ಹತ್ತಿರ ನಿಂತು ಮಾತಾಡತೊಡಗಿದೆವು. ಎರಡು ವರ್ಷದ ಮೇಲೆ ಕೊಟ್ರಮ್ಮನೂ ಹೋದಳು. ಕಾಯಿಲೆ ಇರಲಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಕೂತಲ್ಲೇ ಒರಗಿದಳಂತೆ. ಅದಕ್ಕೆ ಎಂಟು ದಿನ ಮುಂಚೆ, ಹಾಲಿನವನು ಕೊಟ್ಟ ಗಿಣ್ಣದ ಹಾಲಿನಲ್ಲಿ ಗಿಣ್ಣ ಮಾಡಿ ಒಂದು ಸ್ಟೀಲಿನ ಬಟ್ಟಲಿನಲ್ಲಿ ಅವಳಿಗೆ ಕೊಟ್ಟಿದ್ದೆ. ನಮ್ಮವ್ವ ಕೊಟ್ಟ ಬಟ್ಟಲು ಅದು, ತಳದಲ್ಲಿ ಅವ್ವನ ಹೆಸರು ಕೊರೆಸಿತ್ತು. ಹಾಲಿನದು ಬಂದ ಬಟ್ಟಲನ್ನು ಖಾಲಿ ಮರಳಿಸಬಾರದು. ಕೊಟ್ರಮ್ಮ ಏನು ಹಾಕಿ ಕೊಡಬೇಕೆಂದಿದ್ದಳೋ, ಬಟ್ಟಲು ಅಲ್ಲೇ ಉಳಿಯಿತು. ಸತ್ತ ಮನೆಗೆ ಹೋಗಿ ಬಟ್ಟಲು ಕೇಳುವುದು ಹೇಗೆ? ಕೇಳಲಿಲ್ಲ. ಅವಳ ಮಗ ಹರಪನಹಳ್ಳಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಾರ್ಯ ಮುಗಿಸಿ ಮನೆಗೆ ಬೀಗ ಹಾಕಿ ಹೋದ.

ಆಮೇಲೆ ಆ ಹೆಪ್ಪು ಉಳಿದದ್ದು ನನ್ನೊಬ್ಬಳ ಮನೆಯಲ್ಲಿ. ದಿನಾ ಬಡಿಸುವ ಮೊದಲು ಎರಡು ಚಮಚ ತೆಗೆದು ಬೇರೆ ಇಡುತ್ತಿದ್ದೆ. ಊರಿಗೆ ಹೋದರೆ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಹಾಲು ಬೇರೆ, ಪಾತ್ರೆ ಬೇರೆ, ಅದು ಇನ್ನೂ ಗುರುಬಸಮ್ಮನ ಮೊಸರು ಹೇಗಾಗುತ್ತದೆ ಎಂದು ತಿಳಿದವರು ಕೇಳಬಹುದು. ಅವರಿಬ್ಬರದು ಎನ್ನಲು ನನ್ನ ಬಳಿ ಬೇರೆ ಏನೂ ಇರಲಿಲ್ಲ, ಅಷ್ಟೆ.

ಅದನ್ನು ನಾನೇ ಕಳೆದೆ. ಮೂರು ವರ್ಷದ ಹಿಂದಿನ ಆ ದಿನ ನಾದಿನಿ ಅನ್ನಕ್ಕೆ ಮೊಸರು ಹಾಕಿಕೊಂಡು, “ಅತ್ತಿಗಿ, ಎಂಥಾ ಮೊಸರ್ರಿ ಇದು! ನಮ್ಮ ಕಡೆ ಪಾಕೀಟಿಂದು ತಿಂದು ತಿಂದು ನಾಲಿಗಿ ಸತ್ತೈತಿ” ಎಂದಳು. ನಾನು ಉಬ್ಬಿಹೋದೆ. ಇದು ಎಲ್ಲಿಯದು, ಎಷ್ಟು ವರ್ಷದ್ದು ಎಂದು ಹೇಳುತ್ತಾ ಹೇಳುತ್ತಾ ಬಡಿಸಿದೆ. ಅವಳ ಗಂಡ, “ಹಂಗಾರ ನನಗೂ ಇನ್ನೊಂಚೂರು ಹಾಕ್ರಿ ಅಕ್ಕಾರ, ಇತಿಹಾಸ ಉಂಡಂಗ ಆಗ್ತೈತಿ” ಎಂದು ನಗಿಸಿದರು. ಪಾತ್ರೆ ಖಾಲಿಯಾಗಿತ್ತು. ಮಾತಿನ ಗುಂಗಿನಲ್ಲಿ, ಬೇರೆ ತೆಗೆದಿಟ್ಟಿದ್ದ ಬಟ್ಟಲನ್ನೇ ತಂದು ಅವರ ಎಲೆಗೆ ಬಳಿದು ಹಾಕಿದೆ. ಬಟ್ಟಲು ಬಚ್ಚಲಿಗೆ ಹೋಯಿತು, ತೊಳೆದದ್ದೂ ಆಯಿತು.

ಸಂಜೆ ಹಾಲು ಕಾಸಿ ಆರಲು ಇಟ್ಟು ಹೆಪ್ಪಿಗೆ ಕೈ ಹಾಕಿದಾಗಲೇ ಗೊತ್ತಾದದ್ದು. “ಅಯ್ಯ, ಹೆಪ್ಪನ್ನೂ ಬಳಿದು ಬಡಿಸಿಬಿಟ್ನಲ್ಲ!” ಎಂದು ಕೂಗಿಬಿಟ್ಟೆ. ಯಜಮಾನರು ಮುಂದಿನ ಪಡಸಾಲೆಯಿಂದ, “ಅದಕ್ಕ್ಯಾಕ ಅಷ್ಟು ಸಂಕಟ? ಎದುರು ಮನಿಯಾಗ ಒಂದು ಚಮಚ ಇಸ್ಕೊಂಡು ಬಾ” ಎಂದರು. ಎದುರು ಮನೆಯವರ ಮೊಸರು ಚೆನ್ನಾಗಿಯೇ ಇರುತ್ತದೆ. ನಾನು ಹೋಗಲಿಲ್ಲ. ಇಬ್ಬರು ಸತ್ತಾಗಲೂ ಕೆಲಸವಿತ್ತು, ಬಂದವರಿಗೆ ನೀರು ಕೊಡುವುದಿತ್ತು, ಅಡುಗೆ ಮಾಡುವುದಿತ್ತು; ಸರಿಯಾಗಿ ಅತ್ತಿರಲಿಲ್ಲ. ಆ ಸಂಜೆ ಖಾಲಿ ಬಟ್ಟಲು ಹಿಡಿದು ಅತ್ತೆ. ಬಹಳ ಹೊತ್ತೇನಲ್ಲ.

ಮುಖ ತೊಳೆದು ದೇವರ ಮುಂದೆ ಕೂತು ಕಡ್ಡಿ ಗೀರುವುದರಲ್ಲಿದ್ದೆ. ಹಿತ್ತಲ ಕಡೆಯಿಂದ ಟಕ್ ಟಕ್ ಎಂದು ಎರಡು ಸಲ ಕೇಳಿತು. ಹಲ್ಲಿ ಇರಬೇಕು ಎಂದುಕೊಂಡೆ. ಯಾರೋ ಮೊಳೆ ಹೊಡೆಯುತ್ತಿರಬೇಕು ಎಂದೂ ಅನಿಸಿತು. ಕಡ್ಡಿ ಗೀರಿ ದೀಪ ಹಚ್ಚಿದೆ, ಊದುಬತ್ತಿ ಬೆಳಗಿದೆ. ಆಮೇಲೆ ಮೆಣಸಿನಕಾಯಿ ಒಳಗೆ ತರಲು ಹಿತ್ತಲಿಗೆ ಹೋದೆ.

ಗೋಡೆಯ ಮೇಲೆ ನಮ್ಮವ್ವನ ಬಟ್ಟಲು ಇತ್ತು. ಮೇಲೆ ತಟ್ಟೆ ಮುಚ್ಚಿರಲಿಲ್ಲ. ಒಳಗೆ ಅರ್ಧಕ್ಕೆ ಮೊಸರು, ಅದರ ಮೇಲೆ ಒಂದು ಒಣಮೆಣಸಿನಕಾಯಿ. ತೊಟ್ಟು ಮುರಿದಿತ್ತು.

ಹೆದರಿದೆನೇ ಎಂದು ಕೇಳಿದರೆ, ಇಲ್ಲ. ಆ ಕಡೆ ಹಣಕಿ ನೋಡಿದೆ. ಕೊಟ್ರಮ್ಮನ ಹಿತ್ತಲ ತುಂಬ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು, ಯಾರೂ ತುಳಿದ ಗುರುತಿರಲಿಲ್ಲ. ಹಿಂಬಾಗಿಲ ಬೀಗ ತುಕ್ಕು ಹಿಡಿದು ಹಾಗೇ ಇತ್ತು. ಬಟ್ಟಲನ್ನು ಮೇಲೆತ್ತಿ ತಳ ನೋಡಿದೆ, ಅವ್ವನ ಹೆಸರಿತ್ತು. ಒಳಗೆ ತಂದು ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, “ನೀನ ಎಲ್ಲೋ ಇಟ್ಟು ಮರ್ತಿರ್ತೀದಿ” ಎಂದರು.

“ಮೊಸರು? ಅದನ್ನೂ ಇಟ್ಟು ಮರ್ತ್ನಾ? ಮನಿಯಾಗ ಒಂದು ಹನಿ ಇರಲಿಲ್ಲ.”

ಅವರು ಕನ್ನಡಕ ತೆಗೆದು, “ಯಾರು ಇಟ್ರೋ ಏನೋ. ಹಾಲಿಗೆ ಹಾಕಬ್ಯಾಡ. ದೀಪ ಹಚ್ಚಿದಮ್ಯಾಗ ಬಂದದ್ದು ಒಳಗ ತರಬಾರದು ಅಂತ ನೀನ ಹೇಳ್ತಿದ್ಯಲ್ಲ?” ಎಂದರು.

“ಹಚ್ಚೋಕ್ಕಿಂತ ಮೊದಲ ಬಂದೈತಿ. ನಾ ಕೇಳೀನಿ” ಎಂದು ಹೇಳಿ, ಮೆಣಸಿನಕಾಯಿ ತೆಗೆದು ಹಾಲಿಗೆ ಹೆಪ್ಪು ಹಾಕಿಬಿಟ್ಟೆ.

ಮರುದಿನ ಮೊಸರು ಕಟ್ಟಿತ್ತು. ಚಮಚ ಹಾಕಿದರೆ ಕತ್ತರಿಸಿದ ಹಾಗೆ ನಿಂತಿತು. ಅಕ್ಕಪಕ್ಕ, ಎದುರು, ಎಲ್ಲ ಮನೆಗಳಲ್ಲೂ ವಿಚಾರಿಸಿದೆ. ಯಾರೂ ಕೊಟ್ಟಿರಲಿಲ್ಲ. ಕೊಟ್ರಮ್ಮನ ಮಗನಿಗೆ ಫೋನು ಮಾಡಿದೆ. “ಹಳೇ ಪಾತ್ರಿ ಎಲ್ಲಾ ಆಗಲೇ ಸ್ಟೀಲಿನ ಅಂಗಡಿಗೆ ಹಾಕಿ ಕುಕ್ಕರ್ ತಗೊಂಡ್ವಲ್ಲ ಚಿಗವ್ವ. ಒಂದು ಬಟ್ಟಲಕ್ಕ ಇಷ್ಟು ದಿನ ಆದಮ್ಯಾಗ ಫೋನ್ ಮಾಡೀರೇನ್ರಿ? ಹೊಸದು ಕೊಡಸ್ತೀನಿ ಬರ್ರಿ” ಎಂದು ನಕ್ಕ. ನಾನೂ ನಕ್ಕು ಫೋನು ಇಟ್ಟೆ. ಅಂಗಡಿಗೆ ಹಾಕಿದ ಪಾತ್ರೆಗಳಲ್ಲಿ ಆ ಬಟ್ಟಲೂ ಇತ್ತೋ ಇಲ್ಲವೋ ಅವನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಾನು ಇನ್ನೊಂದು ಕೆಲಸ ಮಾಡಿದೆ, ಹೇಳಲು ನಾಚಿಕೆಯಾಗುತ್ತದೆ. ಎರಡು ದಿನ ಬಿಟ್ಟು ಒಂದು ಬಟ್ಟಲಿನಲ್ಲಿ ಸಕ್ಕರೆ ಹಾಕಿ, ದೀಪ ಹಚ್ಚುವ ಮೊದಲು ಗೋಡೆಯ ಮೇಲಿಟ್ಟು, ಚಮಚದಿಂದ ಎರಡು ಸಲ ಬಡಿದೆ. ಬೆಳಿಗ್ಗೆ ಹೋಗಿ ನೋಡಿದರೆ ಇರುವೆ ಮುತ್ತಿದ್ದವು. ಮತ್ತೆ ಇಡಲಿಲ್ಲ. ಟಕ್ ಟಕ್ ಎಂಬ ಸದ್ದು ಆಮೇಲೆ ಒಂದು ದಿನವೂ ಕೇಳಿಲ್ಲ. ಆ ಹೆಪ್ಪು ಮಾತ್ರ ಇವತ್ತಿನವರೆಗೂ ನಡೆದಿದೆ. ಈಗ ಎದುರು ಮನೆಗೂ ಕೊಟ್ಟಿದ್ದೇನೆ, ಅರಸೀಕೆರೆಯ ನಾದಿನಿಗೂ ಡಬ್ಬಿಯಲ್ಲಿ ಕಳಿಸಿದ್ದೇನೆ. ಒಬ್ಬರ ಮನೆಯಲ್ಲೇ ಇರಬಾರದು ಅದು.

ಆ ರಾತ್ರಿಯ ಊಟ ಬರೆಯುವುದು ಬಿಟ್ಟುಹೋಯಿತು. ಮಧ್ಯಾಹ್ನದ ರೊಟ್ಟಿ ಎರಡು ಉಳಿದಿದ್ದವು, ಎಣ್ಣೆಗಾಯಿಯ ಗೊಜ್ಜು ತಳದಲ್ಲಿತ್ತು, ಶೇಂಗಾ ಚಟ್ನಿಪುಡಿ ಇತ್ತು. ಮೊಸರಿರಲಿಲ್ಲ. ಅದು ಇನ್ನೂ ಆಗುವುದಿತ್ತು. ಯಜಮಾನರು ಮೊಸರಿಲ್ಲದೆ ಉಣ್ಣುವವರಲ್ಲ, ಆ ದಿನ ಚಟ್ನಿಪುಡಿಗೆ ಎಣ್ಣೆ ಹಾಕಿಕೊಂಡು ಉಂಡರು. ಮೊದಲು ಮಲಗಿದವರು ಅವರು. ನಾನು ಅವ್ವನ ಬಟ್ಟಲು ತೊಳೆದು, ಬೋರಲು ಹಾಕದೆ, ಖಾಲಿ ಇರಬಾರದೆಂದು ಒಂದು ಹಿಡಿ ಅಕ್ಕಿ ಹಾಕಿಟ್ಟು, ಆಮೇಲೆ ಮಲಗಿದೆ.