ಎಣಿಸದೆ ಹೋದ ಗಂಟುಗಳು

ಯಾವ ಅಳತೆಯಾದರೂ ಸರಿ, ಎರಡು ಕಡೆ ಬರೆದಿಟ್ಟುಕೊಳ್ಳದೆ ನಾನು ಮನೆಯಿಂದ ಹೊರಡುವುದಿಲ್ಲ. ಒಂದು ಚೀಟಿ ಚೀಲದಲ್ಲಿ, ಇನ್ನೊಂದು ಸೆರಗಿನ ಗಂಟಿನಲ್ಲಿ. ಮನೆಯವರು ನಗುತ್ತಾರೆ, ನಗಲಿ. ಈ ಅಭ್ಯಾಸ ನನಗೆ ಅಂಟಿದ್ದು ನಿಜಾಮರ ಕಾಲದಲ್ಲಿ, ನನ್ನ ಮದುವೆಯಾದ ಮೊದಲ ವರ್ಷ, ಮಕ್ತಲ್ ಕಡೆಯ ಮೈಲಾರನ ಹಬ್ಬದಲ್ಲಿ.

ನಾನು ಗದ್ವಾಲದವಳು. ಅಪ್ಪನ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ನಾನು. ಹೊತ್ತು ಹುಟ್ಟುವ ಮುಂಚೆ ನೀರು ತರಬೇಕು, ಆಮೇಲೆ ಮಗ್ಗ, ಆಮೇಲೆ ಮದರಸಾ, ಅಂದರೆ ಆಗಿನ ಸರ್ಕಾರಿ ಶಾಲೆ, ಬಂದ ಮೇಲೆ ಮತ್ತೆ ಮಗ್ಗ. ಮದರಸಾದಲ್ಲಿ ಪಾಠ ಹೇಳುವ ಉಸ್ತಾನಿ ಒಂದು ಕೂಡಿಸುವ ಲೆಕ್ಕವನ್ನೂ ಒಂದೇ ಸಲಕ್ಕೆ ಒಪ್ಪುತ್ತಿರಲಿಲ್ಲ. ಮೇಲಿನಿಂದ ಕೆಳಕ್ಕೆ ಕೂಡಿಸಿದ್ದನ್ನು ಕೆಳಗಿನಿಂದ ಮೇಲಕ್ಕೂ ಕೂಡಿಸಬೇಕು. ಎರಡೂ ಒಂದೇ ಬಂದರೆ ಕೂತುಕೊಳ್ಳಬಹುದು, ಇಲ್ಲದಿದ್ದರೆ ನಿಂತೇ ಇರಬೇಕು. ನಾಲ್ಕು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚು ಕಾಲ ಉಳಿದದ್ದು ಇದೊಂದೇ.

ನಾರಾಯಣಪೇಟೆಯ ಗಂಡನ ಮನೆಯ ಪದ್ಧತಿ ಬೇರೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವವರು ಗಂಡಸರು. ಹೆಂಗಸರು ಬಟ್ಟೆಯ ಉದ್ದಕ್ಕೆ ಓಡುವ ಹಾಸಿನ ಎಳೆ ಹಾಕಬೇಕು, ನೂಲಿಗೆ ಗಂಜಿ ಹಚ್ಚಬೇಕು, ಲಾಳಿಯೊಳಗೆ ಕೂರುವ ಕಂಡಿಕೆ ಸುತ್ತಬೇಕು. ನಾಲ್ಕು ತಿಂಗಳು ನಾನು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಿದೆ. ಕೈ ಸುತ್ತುತ್ತಿತ್ತು, ಕಣ್ಣು ಮಾತ್ರ ಮೂಲೆಯ ಮೂರನೆಯ ಮಗ್ಗದ ಮೇಲಿರುತ್ತಿತ್ತು. ಅದು ಸುಮ್ಮನೆ ನಿಂತಿತ್ತು. ಅದರ ಹಣಿಗೆಯನ್ನು ಗೆದ್ದಲು ತಿಂದಿತ್ತು. ಹಣಿಗೆ ಅಂದರೆ ಬಿದಿರಿನ ಸೀಳುಗಳನ್ನು ಒತ್ತೊತ್ತಾಗಿ ಕಟ್ಟಿದ ಉದ್ದನೆಯ ಚೌಕಟ್ಟು. ಹಾಸಿನ ಎಳೆಗಳು ಎರಡೆರಡಾಗಿ ಅದರ ಹಲ್ಲುಗಳ ನಡುವೆ ಹಾಯಬೇಕು. ಅದಿಲ್ಲದೆ ಮಗ್ಗವಿಲ್ಲ.

ಒಂದು ಬೆಳಗ್ಗೆ ನಾನೇ ಬಾಯಿಬಿಟ್ಟು ಕೇಳಿದೆ. ಮಾವ ಲಾಳಿ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಗದ್ವಾಲದಾಗ ನೇಯ್ತಿದ್ದಿ ಅಂತಲ್ಲ. ಮೈಲಾರನ ಹಬ್ಬಕ್ಕ ಹಣಿಗಿ ಮಾರೋ ಮುತ್ಯಾ ವರ್ಷಕ್ಕೊಮ್ಮಿ ಬರ್ತಾನ. ನಿಮ್ಮತ್ತಿ ಕೂಡ ಹೋಗು. ಸರಿಯಾದ ಹಣಿಗಿ ತಂದಿ ಅಂದ್ರ ಆ ಮಗ್ಗ ನಿಂದು. ತಪ್ಪು ತಂದಿ ಅಂದ್ರ ರಾಟಿ ಎಲ್ಲೂ ಹೋಗಿಲ್ಲ."

ಹಳೆಯ ಹಣಿಗೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನು ನೆಲದ ಮೇಲೆ ಹಾಗೇ ಇಟ್ಟು ಮಾವ ಒಂದು ಹತ್ತಿಯ ಎಳೆಯನ್ನು ಅದರ ಉದ್ದಕ್ಕೆ ಸರಿಯಾಗಿ ಕತ್ತರಿಸಿದರು. ಹಲ್ಲು ಎಣಿಸುತ್ತ, ನೂರಕ್ಕೊಂದರಂತೆ ಎಳೆಗೆ ಗಂಟು ಹಾಕಿದರು. ಅಗಲವೂ ಅದರಲ್ಲೇ, ಹಲ್ಲಿನ ಲೆಕ್ಕವೂ ಅದರಲ್ಲೇ. ಅದನ್ನು ನಾನು ಬಲಗೈಗೆ ಸುತ್ತಿ ಕಟ್ಟಿಕೊಂಡೆ. ಅತ್ತೆ ಹಳೆಯ ಹಣಿಗೆಯನ್ನು ಬಚ್ಚಲ ಒಲೆಗೆ ಹಾಕಿದರು. ಎಷ್ಟು ಗಂಟು ಎಂದು ನಾನು ಎಣಿಸಲಿಲ್ಲ. ಎಳೆಯೇ ಕೈಯಲ್ಲಿರುವಾಗ ಎಣಿಸುವುದೇಕೆ ಅಂದುಕೊಂಡೆ. ಉಸ್ತಾನಿ ಕೇಳಿದ್ದರೆ ನಿಲ್ಲಿಸುತ್ತಿದ್ದರು.

ಬೆಳಗಿನ ಮೋಟಾರಿನಲ್ಲಿ ಹೋದೆವು. ಅದೇ ಮೋಟಾರು ಮಧ್ಯಾಹ್ನದ ಮೇಲೆ ಒಂದು ಸಲ ಹಿಂದಕ್ಕೆ ಬರುತ್ತಿತ್ತು, ತಪ್ಪಿದರೆ ಮರುದಿನವೇ. ನಾನು ದಾರಿಯಲ್ಲೇ ಕ್ರಮ ಗೊತ್ತು ಮಾಡಿದೆ: ಮೊದಲು ದೇವರು, ಆಮೇಲೆ ಹಣಿಗೆ, ಆಮೇಲೆ ಉಳಿದ ಅಂಗಡಿ. ಅತ್ತೆಯ ಕ್ರಮದಲ್ಲಿ ಮೊದಲು ದೇವರು, ಆಮೇಲೆ ಬಳೆ.

ಗುಡಿಯ ಮುಂದೆ ಜನ ಭಂಡಾರ ತೂರುತ್ತಿದ್ದರು. ಅರಿಶಿನದ ಪುಡಿಯಲ್ಲಿ ತಲೆ, ಸೀರೆ, ಕೈ ಎಲ್ಲ ಹಳದಿಯಾದವು. ನಮ್ಮ ಕಡೆ ಹೊಸ ಮದುಮಗಳ ಕೈಗೆ ಅರಿಶಿನದ ದಾರ ಗಂಟುಗಂಟಾಗಿ ಕಟ್ಟಿರುತ್ತಾರೆ. ಮೊದಲ ವರ್ಷ ಮೈಲಾರನಲ್ಲಿಗೆ ಬಂದು ಅದನ್ನು ಬಿಚ್ಚಿಸಿ, ಅಗ್ನಿಕುಂಡಕ್ಕೆ ಹಾಕಿ, ಬೂದಿ ಹಚ್ಚಿಸಿಕೊಳ್ಳುವುದು ಹರಕೆ. ನನ್ನ ದಾರ ರಾಟೆಯ ಕೆಲಸದಲ್ಲಿ ಸವೆದು ಎಂದೋ ಕಳಚಿಬಿದ್ದಿತ್ತು, ಕೈಯಲ್ಲಿದ್ದದ್ದು ಭಂಡಾರದಲ್ಲಿ ಹಳದಿಯಾದ ಅಳತೆಯ ಎಳೆ ಮಾತ್ರ. ಅತ್ತೆ ಕಾಯಿ ಒಡೆಸಲು ಒಳಗೆ ಹೋಗಿದ್ದರು. ಕಂಬಳಿ ಹೊದ್ದ ಗೊರವಯ್ಯನೊಬ್ಬ ನನ್ನ ಕಾಲುಂಗುರ ನೋಡಿದ, ಕೈ ನೋಡಿದ.

"ಹೊಸ ಸೊಸಿ ಏನವ್ವಾ?"

"ಹೌದ್ರಿ."

ಅಷ್ಟೇ. ಅವನು ನನ್ನ ಕೈ ಹಿಡಿದು, ಮೈಲಾರನ ಹೆಸರು ಹೇಳಿ, ಎಳೆ ಬಿಚ್ಚಿ ಕೆಂಡಕ್ಕೆ ಹಾಕಿದ. ಗಂಜಿ ಹಚ್ಚಿದ ನೂಲು, ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ನಾನು "ಅಯ್ಯಾ, ಅದು ಅಳತಿ" ಅನ್ನುವಷ್ಟರಲ್ಲಿ ಹಣೆಗೆ ಬೂದಿ ಬಂದಿತ್ತು.

"ಏನಾದ್ರೂ ಆಗ್ಲವ್ವಾ, ಅವಗ ಮುಟ್ಟೇತಿ," ಎಂದು ಅವನು ಮುಂದಿನವಳ ಕೈ ಹಿಡಿದ.

ಅತ್ತೆ ಬಂದು ವಿಷಯ ಕೇಳಿದವರೇ ಕಾಯಿಯ ಹೋಳು ಹಿಡಿದು ನಕ್ಕರು. "ಛಲೋ ಆತು. ಅಳತಿ ಹಣಿ ಮ್ಯಾಲ ಐತಿ, ಕನ್ನಡಿ ಹಿಡದು ಓದ್ಕೋ."

"ಅತ್ತೀ, ಎಷ್ಟು ಗಂಟಿದ್ವು ನಿಮಗ ನೆಪ್ಪೈತೇನ್ರಿ?"

"ನಾ ಯಾಕ ಎಣಸಲಿ? ಕೈಯಾಗ ಕಟ್ಟಿಕೊಂಡಾಕಿ ನೀನು. ನಡಿ, ಬಳಿ ಹಾಕಿಸ್ಕೊಳ್ಳೂನು. ಹಣಿಗಿ ಬರೋ ವರ್ಷ ತಂದ್ರಾತು."

ಇನ್ನೊಂದು ವರ್ಷ ಕಂಡಿಕೆ. ನಾನು ಅವರ ಹಿಂದೆ ನಡೆದೆ. ಎರಡೂ ಬದಿ ಅಂಗಡಿಗಳು: ಕುಡುಗೋಲು, ಕುರಿ ಕೊರಳಿನ ಗಂಟೆ, ಧನ್ವಾಡದವರ ಮೆಣಸಿನಕಾಯಿ, ಹುರಿದ ಶೇಂಗಾ, ಕುಂಕುಮದ ಗುಡ್ಡೆ. ಪ್ರತಿಯೊಂದರ ಮುಂದೆ ಅತ್ತೆ ನಿಲ್ಲುತ್ತಿದ್ದರು, ಕೈಯಾಡಿಸುತ್ತಿದ್ದರು, ಏನೋ ಒಂದು ಕೊರತೆ ಹೇಳಿ ಮುಂದೆ ಹೋಗುತ್ತಿದ್ದರು. ಕಂಬಳಿ ಅಂಗಡಿಯಲ್ಲಿ ಎರಡು ಕಂಬಳಿ ಹಿಡಿದು, ಒಂದು ಗಿಡ್ಡ ಎಂದು ಜಗಳಕ್ಕೆ ನಿಂತರು. ಕುರುಬರ ಹೆಂಗಸು ಎದ್ದು ಬರಲೂ ಇಲ್ಲ.

"ಗೇಣು ಹಾಕಬ್ಯಾಡಕ್ಕಾ. ಉಣ್ಣಿ ಅಂದ ಮ್ಯಾಲ ಸೊರಗತೈತಿ. ಪಟ್ಟಿ ಎಣಸಿ ನೋಡು. ಪಟ್ಟಿ ಸೊರಗಂಗಿಲ್ಲ."

ಅತ್ತೆ ಪಟ್ಟಿ ಎಣಿಸಿದರು. ಎರಡರಲ್ಲೂ ಒಂದೇ ಲೆಕ್ಕ ಬಂತು. ನಾನು ಕಂಬಳಿ ನೋಡಲಿಲ್ಲ, ಅತ್ತೆ ಉಟ್ಟಿದ್ದ ಸೀರೆ ನೋಡಿದೆ. ಕಪ್ಪು ಚೌಕಡಿ, ಕೆಂಪು ಅಂಚು.

"ಅತ್ತೀ, ಈ ಸೀರಿ ಯಾವ ಮಗ್ಗದ್ದು?"

"ಮೂಲ್ಯಾಂದು. ನಿಮ್ಮ ಮಾವ ಗೆದ್ದಲು ಹತ್ತೂ ಮುಂಚೆ ನೇಯ್ದದ್ದು. ಯಾಕ?"

ನಾನು ಅವರ ತೋಳು ಹಿಡಿದೆ. ಹೊಸ ಸೊಸೆ ಅತ್ತೆಯ ತೋಳು ಹಿಡಿದು ಎಳೆದುಕೊಂಡು ಹೋದದ್ದನ್ನು ಅಂದು ಎಷ್ಟು ಜನ ನೋಡಿದರೋ ಗೊತ್ತಿಲ್ಲ. ಬಳೆ ಅಂಗಡಿ ದಾಟಿತು.

ಹಣಿಗೆ ಮಾರುವ ಮುದುಕ ಮುತ್ಯಾ ಹುಣಸೆ ಮರದ ಕೆಳಗೆ ಕೂತಿದ್ದ. ಮರಕ್ಕೆ ಆನಿಸಿದ್ದ ಹಣಿಗೆಗಳು ಅಷ್ಟೇನೂ ಉಳಿದಿರಲಿಲ್ಲ.

"ಎಷ್ಟು ನೂರರದು ಬೇಕು ತಂಗಿ?"

"ಈಗ ಹೇಳ್ತೀನಿ ಮುತ್ಯಾ. ಅತ್ತೀ, ಕುಂದರ್ರಿ. ಸೆರಗು ಶುರು ಆಗೂ ಮುಂಚಿನ ಚೌಕಡಿ ಅಡ್ಡಕ್ಕ ಹಾಸ್ರಿ."

"ನಡು ಸಂತ್ಯಾಗ ನನ್ನ ಸೀರಿ ಬಿಚ್ಚತೀಯೇನು?"

"ಭುಜದ ಮ್ಯಾಲಿಂದ ಅಷ್ಟ ಸಾಕ್ರಿ."

ಅತ್ತೆ ಗೊಣಗುತ್ತ ಕೂತು, ಸೀರೆಯ ಅಷ್ಟು ಭಾಗವನ್ನು ಮೊಳಕಾಲ ಮೇಲೆ ಹಾಸಿ ಎರಡೂ ಅಂಚು ಹಿಡಿದರು. ನಾನು ಕೇಳಿದ್ದು ಅವರ ಕೆಲಸದ ಮಾತು. ಹಾಸು ಹಾಕುವಾಗ ನೆಟ್ಟ ಗೂಟಗಳ ಉದ್ದಕ್ಕೂ ನೂಲು ಹಿಡಿದು ನಡೆಯುವವರು ಅವರು. ಒಂದು ಸುತ್ತು ನಡೆದರೆ ಎರಡು ಎಳೆ. ಎರಡು ಎಳೆ ಅಂದರೆ ಹಣಿಗೆಯ ಒಂದು ಹಲ್ಲು.

"ಒಂದು ಚೌಕಡಿಗೆ ಎಷ್ಟು ಸುತ್ತು ನಡೀತೀರಿ?"

"ಇಪ್ಪತ್ತು. ಅದನ್ನೇನು ಕೇಳ್ತಿ, ನಿದ್ದ್ಯಾಗೂ ಹೇಳ್ತೀನಿ."

"ಅಂಚಿಗೆ?"

"ಒಂದೊಂದು ಕಡೆ ನೂರಾ ನಲವತ್ತು."

"ಒಟ್ಟು ಚೌಕಡಿ ಎಷ್ಟು?"

"ಅದು ನಿಮ್ಮ ಮಾವಗ ಗೊತ್ತು. ಅವ ಸಾಕು ಅಂದಾಗ ನಾ ನಿಂದರತೀನಿ."

ಅದು ಸೀರೆಗೂ ಗೊತ್ತಿತ್ತು. ಈ ಅಂಚಿನಿಂದ ಆ ಅಂಚಿನವರೆಗೆ ಬೆರಳಿಟ್ಟು ಎಣಿಸಿದೆ. ಐವತ್ತೈದು. ಇಪ್ಪತ್ತರಂತೆ ಸಾವಿರದ ನೂರು, ಅಂಚು ಎರಡೂ ಸೇರಿ ಇನ್ನೂರಾ ಎಂಬತ್ತು. ಹದಿಮೂರು ನೂರಾ ಎಂಬತ್ತು ಹಲ್ಲು ಎಂದೆ.

ಮುತ್ಯಾ ಬಾಯಲ್ಲಿದ್ದ ಎಲೆ ಉಗುಳಿದ. "ಅಂಥಾ ಹಣಿಗಿ ನಮ್ಮಪ್ಪನೂ ಕಟ್ಟಿಲ್ಲ. ನಮ್ಮದೆಲ್ಲ ತುಂಬಿದ ನೂರರ ಲೆಕ್ಕ. ಹದಿಮೂರರದು ಬೇಕೋ ಹದಿನಾಕರದು ಬೇಕೋ?"

"ಹದಿನಾಕರದ ಕೊಡು," ಎಂದರು ಅತ್ತೆ. "ಇಪ್ಪತ್ತು ಹಲ್ಲು ಖಾಲಿ ಬಿಟ್ರಾತು. ಮೋಟಾರಿನ ಹೊತ್ತಾತು."

"ನಿಂದರ್ರಿ ಅತ್ತೀ."

ನೂರು ತುಂಬದಿದ್ದರೆ ತಪ್ಪಿದ್ದು ನನ್ನ ಎಣಿಕೆ. ಈ ಸಲ ಆ ಅಂಚಿನಿಂದ ಈ ಅಂಚಿಗೆ ಬಂದೆ. ಐವತ್ತೈದು ಮುಗಿದಾಗ ಅತ್ತೆಯ ಹೆಬ್ಬೆರಳು ಎದುರಾಯಿತು. ಬೆರಳು ಎತ್ತಿಸಿದೆ. ಅದರಡಿ ಮಡಿಕೆಯೊಳಗೆ ಇನ್ನೊಂದು ಚೌಕಡಿ ಇತ್ತು. ಐವತ್ತಾರು. ಹದಿನಾಲ್ಕು ನೂರು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ನಾ ಮೊದಲ ಹೇಳಲಿಲ್ಲೇನು, ಹದಿನಾಕರದು ಅಂತ," ಎಂದರು ಅತ್ತೆ.

ಹದಿನಾಲ್ಕರದು ಎರಡು ಉಳಿದಿದ್ದವು. ಮುತ್ಯಾ ಎರಡನ್ನೂ ಸೀರೆಯ ಪಕ್ಕಕ್ಕೆ ಇಟ್ಟ. ಒಂದು ಬಟ್ಟೆಯ ಅಗಲಕ್ಕೆ ಸರಿಯಾಗಿ ಕೂತಿತು. ಇನ್ನೊಂದು ನಾಲ್ಕು ಬೆರಳು ಉದ್ದ. ಅವನು ನನ್ನ ಮುಖ ನೋಡುತ್ತ ಕೂತ.

"ಇದ ನೋಡು, ಅಚ್ಚಿನಂಗ ಕೂತೈತಿ," ಎಂದು ಅತ್ತೆ ಮೊದಲನೆಯದಕ್ಕೆ ಕೈ ಹಾಕಿದರು.

"ಬ್ಯಾಡ್ರಿ. ಉದ್ದಂದು ಬೇಕು."

"ಬಟ್ಟಿ ಇಷ್ಟ ಐತಿ, ಕಣ್ಣು ಕಾಣಂಗಿಲ್ಲೇನು?"

"ಹಣಿಗಿ ದಾಟಿದ ಮ್ಯಾಲ ಬಟ್ಟಿ ಒಳಗ ಎಳಕೊಂತೈತ್ರಿ. ನೀರು ಬಿದ್ದ ಮ್ಯಾಲ ಇನ್ನಷ್ಟು. ನಮ್ಮಪ್ಪನ ಸೀರಿ ನಾಕು ಬೆರಳು ಸೊರಗತಿದ್ವು. ನೀವು ಇದನ್ನ ಎಷ್ಟು ಸಲ ಒಗದೀರಿ?"

ಮುತ್ಯಾ ಸಣ್ಣ ಹಣಿಗೆಯನ್ನು ತಾನೇ ಹಿಂದಕ್ಕೆ ಎಳೆದುಕೊಂಡ. "ಈ ಹುಡುಗಿ ಎಲ್ಲಿದಕ್ಕಾ?"

"ಗದ್ವಾಲದ್ದು," ಎಂದರು ಅತ್ತೆ. "ಹೇಳಿದ ಮಾತು ಕೇಳೂ ಪೈಕಿ ಅಲ್ಲ."

ಅಷ್ಟರಲ್ಲಿ ಮೋಟಾರಿನ ಹಾರ್ನು ಕೇಳಿತು. ಹಣಿಗೆಯನ್ನು ಗೋಣಿಯಲ್ಲಿ ಸುತ್ತಿ ಭುಜದ ಮೇಲಿಟ್ಟು ಓಡಿದೆ. ಅತ್ತೆ ಸೆರಗು ಸರಿ ಮಾಡಿಕೊಳ್ಳುತ್ತ ಹಿಂದೆ ಓಡಿ ಬಂದರು. ಬಳೆ ಅಂಗಡಿಯ ಮುಂದೆ ಒಂದು ಕ್ಷಣ ನಿಂತರು, ಮತ್ತೆ ಓಡಿದರು. ನಾರಾಯಣಪೇಟೆಯವರೆಗೂ ಅವರು ನನ್ನೊಂದಿಗೆ ಮಾತಾಡಲಿಲ್ಲ. ಪಕ್ಕದ ಹೆಂಗಸಿಗೆ ಹೊಸ ಬಳೆಯಿಲ್ಲದ ತಮ್ಮ ಎಡಗೈ ತೋರಿಸಿ ನನ್ನ ವಿಷಯವೇ ಹೇಳುತ್ತಿದ್ದರು. ನಾನು ಹಣಿಗೆಯನ್ನು ಮಡಿಲಲ್ಲಿ ಅಡ್ಡ ಹಿಡಿದು, ಯಾರ ಮೊಳಕೈಯೂ ತಾಗದಂತೆ ಕೂತಿದ್ದೆ.

ಮಾವ ದೀಪ ಹಚ್ಚುವ ಹೊತ್ತಿಗೆ ಗೋಣಿ ಬಿಚ್ಚಿದರು.

"ಎಷ್ಟರದು?"

"ಹದಿನಾಕು."

"ಗಂಟು ಎಣಸಿದಿ?"

"ಇಲ್ರಿ. ಎಳಿ ಸುಟ್ಟುಹೋತು."

ಅವರು ಅತ್ತೆಯ ಕಡೆ ನೋಡಿದರು. ನಾನು ಕಾದೆ. ಅತ್ತೆ ಹೇಳಬಹುದಾದದ್ದು ಬಹಳವಿತ್ತು.

"ನನ್ನ ಸೀರಿ ಎಣಸಿ ತಂದಾಳ," ಎಂದರು ಅವರು. "ಹಾಕಿ ನೋಡು."

ಮಾವ ಹಣಿಗೆಯನ್ನು ಮಗ್ಗದ ಹಲಗೆಯ ಸೀಳಿಗೆ ಇಳಿಸಿದರು. ಒಂದು ತುದಿ ಕೂತಿತು, ಇನ್ನೊಂದು ತುದಿಯೂ ಕೂತಿತು. ಸಂದಿಗೆ ಚಕ್ಕೆ ತುರುಕುವ ಕೆಲಸ ಬೀಳಲಿಲ್ಲ. ಅವರು ಪೊರಕೆ ತಂದು ಗುಂಡಿಯೊಳಗಿನ ಕಸ ಗುಡಿಸಿದರು.

ಹಾಸು ಹಾಕಿ, ಗಂಜಿ ಹಚ್ಚಿ, ಎಳೆ ಎಲ್ಲ ಹಣಿಗೆಗೆ ಹಾಯಿಸುವುದರೊಳಗೆ ಹನ್ನೆರಡು ದಿನವಾಯಿತು. ಅತ್ತೆ ಗೂಟಗಳ ಉದ್ದಕ್ಕೂ ನಡೆದರು. ಚೌಕಡಿಯ ಲೆಕ್ಕ ನಾನು ಇಟ್ಟೆ, ಗೋಡೆಯ ಮೇಲೆ ಒಮ್ಮೆ, ಕಾಗದದ ಮೇಲೆ ಒಮ್ಮೆ. ಹದಿಮೂರನೆಯ ಬೆಳಗ್ಗೆ ಗುಂಡಿಯಲ್ಲಿ ಕಾಲಿಳಿಬಿಟ್ಟೆ. ಮೊದಲ ಕಂಡಿಕೆ ಬೇಗ ತೀರಿತು. ಇನ್ನೊಂದು ಸುತ್ತಿಕೊಳ್ಳಲು ಏಳಬೇಕೆಂದು ನೆಲಕ್ಕೆ ಕೈ ಊರಿದೆ.

ರಾಟೆ ಆಗಲೇ ತಿರುಗುತ್ತಿತ್ತು. ಅತ್ತೆ ಅದರ ಮುಂದೆ ಕೂತಿದ್ದರು. ಸುತ್ತಿ ಮುಗಿದ ಕಂಡಿಕೆಯನ್ನು ನನ್ನ ಮಡಿಲಿಗೆ ಎಸೆದರು.

"ನೇಯಿ," ಎಂದರು. "ಬರೋ ವರ್ಷ ಮೊದಲು ಬಳಿ. ಅದನ್ನೂ ಬರಕೋ."

ಬರೆದುಕೊಂಡೆ, ಎರಡು ಕಡೆ.